ಆಕಾಶವನ್ನು ಬಿಟ್ಟ ಭೂತಗೀತೆಗಳು

ಲೇಪಾಕ್ಷಿಯ ವೀರಭದ್ರಾಲಯದ ನಾಟ್ಯಮಂಟಪವನ್ನು ನೋಡಿದ ಉಪಾಧ್ಯಾಯ ಮಿತ್ರರಿಗೆ ಒಂದು ಸಂಗತಿ ನೆನಪಿರಬಹುದು. ಅಲ್ಲಿ ಕಂಬಕಂಬದಲ್ಲಿ ಬೇರೆ ಬೇರೆ ವಾದ್ಯಗಾರರಿದ್ದಾರೆ. ಒಬ್ಬನ ಕೈಯಲ್ಲಿ ಮದ್ದಳೆ, ಒಬ್ಬನದರಲ್ಲಿ ತಾಳ. ಆದರೂ ನಡುವೆ ನಿಂತವನಿಗೆ ಕಾಣುವುದು ಒಂದೇ ಮೇಳ, ಒಂದೇ ನರ್ತನ. ಹಲವು ಹಾಡುಗಳು ಸೇರಿ ಒಂದು ಕೃತಿಯಾಗುವುದು ಹೇಗೆಂಬ ಪ್ರಶ್ನೆಗೆ ನಮಗೆ ಇದಕ್ಕಿಂತ ಸಮೀಪದ ದೃಷ್ಟಾಂತ ದೊರೆಯದು.

ಈ ಪ್ರಶ್ನೆ ಎದ್ದುದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೇಳಿಸಿದ 'ದಿ ಆಲ್ಕೆಮಿ ಇಂಡೆಕ್ಸ್' ಎಂಬ ಆಲ್ಬಮ್ಮಿನಿಂದ. ಕ್ಯಾಲಿಫೋರ್ನಿಯದ 'ಥ್ರೈಸ್' ಎಂಬ ರಾಕ್ ಮೇಳದ ನಾಲ್ವರು ಅಗ್ನಿ, ಜಲ, ವಾಯು, ಪೃಥ್ವಿಗಳಿಗೆ ತಲಾ 6ರಂತೆ 24 ಹಾಡುಗಳನ್ನು ರಚಿಸಿ, ಮೊದಲೆರಡು ಭಾಗಗಳನ್ನು 2007ರಲ್ಲಿಯೂ ಉಳಿದೆರಡನ್ನು 2008ರಲ್ಲಿಯೂ ಹೊರತಂದರು. ರಾಕ್ ಎಂದರೆ ಬರಿಯ ಅಬ್ಬರವೆಂದು ತರಗತಿಯಲ್ಲಿ ಹೇಳುತ್ತ ಬಂದವರು ನಾವು; ಆ ಮಾತನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ. ಪ್ರತಿ ಭಾಗದ ಕೊನೆಯ ಹಾಡು ನಮ್ಮ ನವೋದಯದ ಕವಿಗಳು ಸುನೀತವೆಂದು ಕರೆದ 14 ಸಾಲಿನ ಪದ್ಯ. ಅದರಲ್ಲಿ ಆಯಾ ಭೂತವೇ ಮನುಷ್ಯನನ್ನು ಕುರಿತು ಮಾತನಾಡುತ್ತದೆ. ಈ ನಾಲ್ಕು ಸುನೀತಗಳೇ ಕೃತಿಯ ಕಂಬಗಳು.

ಎಲ್ಲ ಭಾಗಗಳೂ ಸಮವಾಗಿಲ್ಲ. ಅಗ್ನಿಭಾಗದಲ್ಲಿ ಗಿಟಾರುಗಳ ಗರ್ಜನೆ, ಗಂಟಲು ಹರಿಯುವ ಕೂಗು. ಜಲಭಾಗದಲ್ಲಿ ಎಲೆಕ್ಟ್ರಾನಿಕ್ ನಾದದ ತೇಲಾಟ. ಬೆಂಕಿಯೆಂದರೆ ಅಬ್ಬರ, ನೀರೆಂದರೆ ಅಲೆ ಎಂಬುದು ವಾಚ್ಯವೇ ಹೊರತು ಆನಂದವರ್ಧನನು ಹೇಳಿದ ಧ್ವನಿಯಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಂಚಭೂತಲಿಂಗ ಕೃತಿಗಳಲ್ಲಿ ಅಗ್ನಿಕ್ಷೇತ್ರವಾದ ಅರುಣಾಚಲಕ್ಕೆ ಸಾರಂಗ ರಾಗವನ್ನು ಆರಿಸಿದರು. ಜ್ವಾಲೆಯ ಸದ್ದಿನ ಅನುಕರಣೆ ಅಲ್ಲಿಲ್ಲ. ನಮ್ಮ ಕಾಳಹಸ್ತಿಯ ವಾಯುಲಿಂಗಕ್ಕೆ ಹುಸೇನಿ. ಅದರಲ್ಲಿಯೂ ಗಾಳಿ ಬೀಸುವುದಿಲ್ಲ.

ವಾಯುಭಾಗದ 'ಡೀಡಲಸ್' ಎಂಬ ಹಾಡಿನಲ್ಲಿ ಈ ಮೇಳವೂ ಧ್ವನಿಯ ಮಟ್ಟಕ್ಕೆ ಏರಿದೆ. ಗ್ರೀಕರ ಕಥೆಯ ಡೀಡಲಸನು ಮೇಣದ ರೆಕ್ಕೆ ಕಟ್ಟಿಕೊಂಡು ಮಗನೊಡನೆ ಹಾರುತ್ತಾನೆ. ಬಿಸಿಲಿಗೆ ಮೇಣ ಕರಗಿ ಮಗ ಬೀಳುತ್ತಾನೆ. ಹಾಡು ತಂದೆಯ ಬಾಯಲ್ಲಿದೆ. ಇಲ್ಲಿ ಗಾಳಿಯನ್ನು ಬಣ್ಣಿಸಬೇಕಾಗಿಲ್ಲ. ಬೀಳುವವನಿಗೆ ಹಿಡಿದುಕೊಳ್ಳಲು ಏನೂ ಇಲ್ಲವೆಂಬುದೇ ಗಾಳಿ. ಮಕ್ಕಳಿಗೆ ರೆಕ್ಕೆ ಕಟ್ಟುವುದೇ ವೃತ್ತಿಯಾದ ನಮ್ಮಂಥವರು ಇದನ್ನು ಹಗುರವಾಗಿ ಕೇಳಿ ಮುಗಿಸಲಾರೆವು.

ದೊಡ್ಡ ಕೊರತೆ ಬೇರೊಂದಿದೆ. ಗ್ರೀಕರ ನಾಲ್ಕನ್ನು ಹಿಡಿದ ಈ ಕೃತಿ ಆಕಾಶವನ್ನು ಬಿಟ್ಟಿದೆ. ನಮ್ಮ ತಾರ್ಕಿಕರ ಪ್ರಕಾರ ಶಬ್ದವು ಆಕಾಶದ ಗುಣ. ಶಬ್ದದಿಂದಲೇ ಕಟ್ಟಿದ ಕೃತಿ ಶಬ್ದದ ನೆಲೆಯನ್ನೇ ಮರೆಯಿತೆಂದು ಆಕ್ಷೇಪವೆತ್ತಲು ನಾವು ಸಿದ್ಧರಾಗಿದ್ದೆವು. ಆದರೆ ಪೃಥ್ವಿಭಾಗದ ಕೊನೆಯ ಹಾಡಾದ 'ಚೈಲ್ಡ್ ಆಫ್ ಡಸ್ಟ್' ನಮ್ಮ ಲೇಖನಿಯನ್ನು ತಡೆಯಿತು. ಅದರ ಮುದ್ರಣದಲ್ಲಿ ಮೈಕನ್ನು ಪೆಟ್ಟಿಗೆಯಲ್ಲಿಟ್ಟು ಮೇಲೆ ಮಣ್ಣು ಸುರಿದಿದ್ದಾರೆ. ಮಣ್ಣು ಬಿದ್ದಂತೆ ನಾದ ಮಂಕಾಗುತ್ತದೆ; ಕಡೆಗೆ ಶಬ್ದಕ್ಕೆ ಎಡೆಯೇ ಉಳಿಯುವುದಿಲ್ಲ. ಹೆಸರಿಸದ ಐದನೆಯ ಭೂತ ನಮ್ಮ ಕಿವಿಗೆ ಬಿದ್ದುದು ಅದು ಮುಚ್ಚಿಹೋಗುವಾಗಲೇ. ಇದು ಮೇಳದವರ ಉದ್ದೇಶವಾಗಿತ್ತೆಂದು ನಾವು ಹೇಳೆವು. ಕೃತಿಯಲ್ಲಿದೆ ಎಂದಷ್ಟೇ ನಮ್ಮ ವಾದ. ಅಗ್ನಿಭಾಗದ ಮೇಲಿನ ಆಕ್ಷೇಪವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.