ಗದರುವ ಕೈಪಿಡಿ

ಸ್ಟೀವ್ ಯೆಗ್ಗಿ 2025ರ ಅಕ್ಟೋಬರ್‌ನಲ್ಲಿ ಹೊರತಂದ ‘ಬೀಡ್ಸ್’ ತಂತ್ರಾಂಶದ ಜತೆ ಬರುವ ‘ಏಜೆಂಟ್ಸ್ ಡಾಟ್ ಎಂಡಿ’ ಕಡತವನ್ನು, ಎಐ ಏಜೆಂಟ್‌ಗಳಿಗೆ ಕೈಪಿಡಿ ಬರೆಯುವುದು ಹೇಗೆ ಎಂಬುದಕ್ಕೆ ಮಾದರಿಯೆಂದು ಹೊಗಳುವವರಿದ್ದಾರೆ. ತಂತ್ರಾಂಶದ ಬಗ್ಗೆ ನನ್ನ ತಕರಾರಿಲ್ಲ. ಕೈಪಿಡಿಗೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚಾಯಿತು.

ಬೀಡ್ಸ್ ಏನು ಮಾಡುತ್ತದೆ ಎಂಬುದು ಈ ಕ್ಷೇತ್ರದವರಿಗೆ ಗೊತ್ತು. ಸೆಷನ್ ಮುಗಿದ ಕೂಡಲೇ ಎಲ್ಲ ಮರೆಯುವ ಏಜೆಂಟ್‌ಗೆ ಕೆಲಸದ ಪಟ್ಟಿಯನ್ನು ಹೊರಗೆ ಕಾಪಿಟ್ಟು ಕೊಡುತ್ತದೆ. ಅದರ ‘ಬಿಡಿ ರೆಡಿ’ (bd ready) ಎಂಬ ಕಮಾಂಡ್ ಸದ್ಯ ಯಾವುದಕ್ಕೂ ಕಾಯಬೇಕಿಲ್ಲದ ಕೆಲಸಗಳನ್ನಷ್ಟೇ ತೋರಿಸುತ್ತದೆ. ಒಂದು ಕೆಲಸದ ನಡುವೆ ಕಂಡ ಇನ್ನೊಂದು ದೋಷವನ್ನು ‘ಡಿಸ್ಕವರ್ಡ್ ಫ್ರಮ್’ ಎಂಬ ಕೊಂಡಿಯಿಂದ ಮೂಲ ಕೆಲಸಕ್ಕೆ ಗಂಟುಹಾಕುವ ಉಪಾಯವಂತೂ ನಿಜಕ್ಕೂ ಹೊಸದು, ಅದನ್ನು ವಿವರಿಸುವ ಸಾಲುಗಳೂ ಚೊಕ್ಕ. ‘ಬಿಡಿ ಎಡಿಟ್’ ಬಳಸಬೇಡ, ಅದು ಮನುಷ್ಯರ ಎಡಿಟರ್ ತೆರೆಯುತ್ತದೆ ಎಂಬ ನಿಷೇಧವೂ ಸರಿಯಾಗಿದೆ. ಅಲ್ಲಿ ಕಾರಣ ನಿಷೇಧದ ಪಕ್ಕದಲ್ಲೇ ಕೂತಿದೆ. ಅದನ್ನು ಓದಿದ ಏಜೆಂಟ್ ಎಡಿಟರ್ ತೆರೆಯುವ ಬೇರೆ ಕಮಾಂಡುಗಳಿಂದಲೂ ದೂರ ಉಳಿಯಬಲ್ಲದು.

ನನ್ನ ಜಗಳ ‘ವಿಮಾನ ಇಳಿಸುವುದು’ ಎಂಬ ಭಾಗದ ಜತೆ. ಎಲ್ಲರೂ ಎತ್ತಿ ತೋರಿಸುವುದು ಇದನ್ನೇ. ಸೆಷನ್ ಮುಗಿಸುವಾಗ ಏನೇನು ಮಾಡಬೇಕೆಂದು ಹಂತ ಹಂತವಾಗಿ ಹೇಳುವ ಭಾಗವಿದು. ಮೊದಲ ತಿಂಗಳುಗಳಲ್ಲಿ ಹರಡಿದ ಆವೃತ್ತಿಯಲ್ಲಿ ಇದು ದೊಡ್ಡಕ್ಷರಗಳ ಗದರಿಕೆಯಿಂದ ತುಂಬಿದೆ: ಗಿಟ್ ಪುಷ್ (ಬದಲಾವಣೆಗಳನ್ನು ಹಂಚಿಕೆಯ ರೆಪೊಗೆ ಕಳಿಸುವುದು) ಯಶಸ್ವಿಯಾಗುವವರೆಗೆ ಕೆಲಸ ಮುಗಿದಿಲ್ಲ, ನಿಲ್ಲಬೇಡ, ‘ನೀವು ಹೇಳಿದಾಗ ಪುಷ್ ಮಾಡುತ್ತೇನೆ’ ಎನ್ನಬೇಡ, ಪುಷ್ ವಿಫಲವಾದರೆ ಸರಿಪಡಿಸಿ ಮತ್ತೆ ಪ್ರಯತ್ನಿಸು. ಬಳಕೆದಾರರು ಹಲವು ಏಜೆಂಟ್‌ಗಳನ್ನು ಒಟ್ಟಿಗೆ ನಡೆಸುತ್ತಿರುತ್ತಾರೆ, ಪುಷ್ ಆಗದ ಕೆಲಸ ಅವರ ಹೊಂದಾಣಿಕೆಯನ್ನು ಕೆಡಿಸುತ್ತದೆ ಎಂಬ ಕಾರಣ ಇದೆ. ಆದರೆ ಆಜ್ಞೆಗಳೆಲ್ಲ ಮುಗಿದ ಮೇಲೆ, ಕೊನೆಗೊಂದು ಸಾಲಾಗಿ ಬರುತ್ತದೆ.

ಅದಕ್ಕಿಂತ ಅಪಾಯದ್ದು, ಯಾರೂ ತಡೆದು ಓದದ ಶುಚಿಗೊಳಿಸುವ ಹಂತ. ಹಳೆಯ ಸ್ಟ್ಯಾಶ್‌ಗಳನ್ನು ತೆಗೆ ಎಂದು ಹೇಳಿ ‘ಗಿಟ್ ಸ್ಟ್ಯಾಶ್ ಕ್ಲಿಯರ್’ ಎಂಬ ಕಮಾಂಡ್ ಕೊಡುತ್ತದೆ. ಹೇಳುವುದು ‘ಹಳೆಯವು’, ಕಮಾಂಡ್ ಅಳಿಸುವುದು ಎಲ್ಲವನ್ನೂ. ಸ್ಟ್ಯಾಶ್ ಎಂದರೆ ಅರ್ಧಕ್ಕೆ ನಿಂತ ಬದಲಾವಣೆಗಳನ್ನು ಎತ್ತಿಡುವ ಜಾಗ. ಕ್ಲಿಯರ್ ಮಾಡಿದ ಮೇಲೆ ಅವು ಮರಳಿ ಸಿಗದಿರಬಹುದು ಎಂದು ಗಿಟ್‌ನ ಸ್ವಂತ ಕೈಪಿಡಿಯೇ ಎಚ್ಚರಿಸುತ್ತದೆ. ಏಜೆಂಟ್ ಕೆಲಸ ಮಾಡುವ ರೆಪೊದಲ್ಲಿ ಬೆಳಿಗ್ಗೆ ಮನುಷ್ಯರೊಬ್ಬರು ಎತ್ತಿಟ್ಟ ಕೋಡ್ ಇದ್ದರೆ ಅದೂ ಹೋಯಿತು. ಇನ್ನೂ ಕೆಟ್ಟದ್ದಿದೆ: ಹಲವು ಏಜೆಂಟ್‌ಗಳನ್ನು ನಡೆಸುವವರು ಒಂದೇ ರೆಪೊದಿಂದ ಬೇರೆ ಬೇರೆ ವರ್ಕ್‌ಟ್ರೀ (ಕೆಲಸದ ಕಡತಕೋಶ) ತೆಗೆಯುವುದು ವಾಡಿಕೆ, ಮತ್ತು ಗಿಟ್‌ನಲ್ಲಿ ಆ ವರ್ಕ್‌ಟ್ರೀಗಳಿಗೆಲ್ಲ ಸ್ಟ್ಯಾಶ್ ಒಂದೇ. ಒಂದು ಏಜೆಂಟ್ ತನ್ನ ವಿಮಾನ ಇಳಿಸುವಾಗ ಪಕ್ಕದ ಏಜೆಂಟ್‌ನ ಅರೆಬರೆ ಕೆಲಸವನ್ನೂ ಒರೆಸಿಹಾಕಬಹುದು. ಯಾವ ಹೊಂದಾಣಿಕೆಯ ಹೆಸರಿನಲ್ಲಿ ಈ ಭಾಗ ಇಷ್ಟು ಗದರುತ್ತದೋ, ಆ ಹೊಂದಾಣಿಕೆಯನ್ನು ಇದೇ ಭಾಗ ಮುರಿಯುತ್ತದೆ.

ಏಜೆಂಟ್‌ಗಳು ಕಾರಣ ಓದುವುದಿಲ್ಲ, ಜೋರಾಗಿ ಹೇಳಿದ್ದನ್ನಷ್ಟೇ ಪಾಲಿಸುತ್ತವೆ ಎನ್ನುವ ವಿಮರ್ಶಕರಿದ್ದಾರೆ. ಪ್ರತಿ ವಾಕ್ಯಕ್ಕೂ ಟೋಕನ್ ಲೆಕ್ಕ ಹಾಕಿ, ವಿವರಣೆ ದುಬಾರಿ ಎನ್ನುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪಲಾರೆ. ಜೋರಾದ ಆಜ್ಞೆ ಪಾಲನೆಯಾಗುತ್ತದೆ ಎಂಬುದು ನಿಜ, ಆತಂಕ ಇರುವುದೂ ಅಲ್ಲೇ. ರಕ್ಷಿತ ಶಾಖೆಯೊಂದು ಪುಷ್ ನಿರಾಕರಿಸಿದಾಗ, ‘ಯಶಸ್ವಿಯಾಗುವವರೆಗೆ ಬಿಡಬೇಡ’ ಎಂಬುದನ್ನಷ್ಟೇ ತಲೆಗೆ ತುಂಬಿಕೊಂಡ ಏಜೆಂಟ್‌ಗೆ ನಿಂತು ಕೇಳುವ ದಾರಿಯನ್ನು ಕೈಪಿಡಿಯೇ ಮುಚ್ಚಿದೆ. ಟೋಕನ್ ಉಳಿಸುವವರು ಒಂದೇ ಆಜ್ಞೆಯನ್ನು ನಾಲ್ಕು ಬಗೆಯಲ್ಲಿ ಹೇಳುವುದನ್ನು ಸಹಿಸಿಕೊಂಡು ಕಾರಣದ ಒಂದು ವಾಕ್ಯಕ್ಕೆ ಏಕೆ ಕತ್ತರಿ ಹಿಡಿಯುತ್ತಾರೆ? ಯಂತ್ರ ಓದುವ ಗದ್ಯಕ್ಕೆ ಶೈಲಿ ಬೇಡ ಎಂಬ ನಂಬಿಕೆಯೇ ಇದರ ಬೇರು. ಓದುಗ ಯಾರೇ ಇರಲಿ, ಬರೆದವನಿಗೆ ಹೊಳೆಯದ ಸನ್ನಿವೇಶ ಎದುರಾದಾಗ ಕೈಹಿಡಿಯುವುದು ಕಾರಣ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ, 2008ರಿಂದ ಇರುವ ಕೆಲಸದ ಪಟ್ಟಿಯ ತಂತ್ರಾಂಶ ಟಾಸ್ಕ್‌ವಾರಿಯರ್‌ನ ಕೈಪಿಡಿಯನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ಅದನ್ನು ಬರೆದದ್ದು ಮನುಷ್ಯರಿಗಾಗಿ. ಯಾವ ಕೆಲಸ ಮೊದಲು ಎಂಬುದನ್ನು ನಿರ್ಧರಿಸುವ ಅಂಕಗಳನ್ನು ಅದು ಮುಚ್ಚಿಡುವುದಿಲ್ಲ: ಗಡುವಿಗೆ 12, ಬೇರೆ ಕೆಲಸಗಳನ್ನು ತಡೆದಿರುವುದಕ್ಕೆ 8, ತಾನೇ ತಡೆಯಲ್ಪಟ್ಟಿದ್ದರೆ ಮೈನಸ್ 5. ಯಾವುದು ಏಕೆ ಮೇಲೆ ಬಂತೆಂದು ಏಜೆಂಟ್ ಕೂಡ ಲೆಕ್ಕ ಹಾಕಿ ತಿಳಿಯಬಲ್ಲದು. ಅಳಿಸುವ ಮುನ್ನ ಅದು ಕೇಳುವ ‘ಹೌದೇ, ಅಲ್ಲವೇ’ ಪ್ರಶ್ನೆ ಏಜೆಂಟ್‌ಗಳಿಗೆ ತೊಡಕು. ಆದರೆ ಆ ಪ್ರಶ್ನೆ ಬಾರದಂತೆ ಮಾಡುವ ಬಗೆಯನ್ನೂ ಅದೇ ಕೈಪಿಡಿ ಹೇಳಿಕೊಟ್ಟಿದೆ.

ಬೀಡ್ಸ್‌ನ ಶುಚಿಗೊಳಿಸುವ ಹಂತವನ್ನೂ ಪುಷ್‌ನ ಆಜ್ಞೆಯನ್ನೂ ಹೀಗೆ ಬರೆಯಬಹುದಿತ್ತು: ಈ ಸೆಷನ್‌ನಲ್ಲಿ ನೀನೇ ಮಾಡಿದ ಸ್ಟ್ಯಾಶ್‌ಗಳನ್ನು ಮಾತ್ರ ಒಂದೊಂದಾಗಿ ತೆಗೆ, ಸ್ಟ್ಯಾಶ್ ಎಲ್ಲ ವರ್ಕ್‌ಟ್ರೀಗಳಿಗೂ ಸೇರಿದ್ದರಿಂದ ಉಳಿದವು ಬೇರೆಯವರದ್ದಾಗಿರಬಹುದು. ಪುಷ್ ನಿರಾಕರಣೆಯಾದರೆ ಕಾರಣವನ್ನು ಆ ಕೆಲಸದ ಟಿಪ್ಪಣಿಯಲ್ಲಿ ಬರೆದು ಬಳಕೆದಾರರಿಗೆ ತಿಳಿಸು. ಇದರಲ್ಲಿ ದೊಡ್ಡಕ್ಷರ ಒಂದೂ ಬೇಕಿಲ್ಲ, ಆ ಆವೃತ್ತಿಯಲ್ಲಿದ್ದುದಕ್ಕಿಂತ ಉದ್ದವೂ ಆಗುವುದಿಲ್ಲ.