ಹಡಗಿನ ಮೊದಲ ನೋಟ: ಒಳನಾಡಿನ ಕನ್ನಡ ಕಥನಗಳಲ್ಲಿ ಕಡಲಯಾನ

ಕನ್ನಡ ಪ್ರವಾಸ ಸಾಹಿತ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಲೇಖಕರು ತಲುಪಿದ ದೇಶವನ್ನು ಕೇಂದ್ರವಾಗಿರಿಸಿಕೊಂಡು ನಡೆದಿವೆ. ಅವರು ಲಂಡನ್ನಿನಲ್ಲಿ ಏನು ಕಂಡರು, ಅಮೆರಿಕದ ಜನಜೀವನವನ್ನು ಹೇಗೆ ಬಗೆದರು ಎಂಬ ಪ್ರಶ್ನೆಗಳಿಗೆ ಸಿಕ್ಕ ಗಮನ, ಅಲ್ಲಿಗೆ ಹೊತ್ತೊಯ್ದ ವಾಹನಕ್ಕೆ ಸಿಕ್ಕಿಲ್ಲ. ಪ್ರಯಾಣಿಕ ಮೊದಲ ಬಾರಿಗೆ ದೊಡ್ಡ ಹಡಗನ್ನು ಏರಿ ನಿಂತ ಹೊತ್ತಿನ ಪುಟಗಳನ್ನು ವಿಮರ್ಶಕರು ಪೀಠಿಕೆಯೆಂದು ಭಾವಿಸಿ ದಾಟಿಹೋಗುವುದು ರೂಢಿ. ಈ ಪುಟಗಳು ಪೀಠಿಕೆಯಷ್ಟೇ ಅಲ್ಲ, ಬರೆಯುವವನ ಸಾಮಾಜಿಕ ಸ್ಥಾನವನ್ನು ಅವನಿಗೆ ಅರಿವಿಲ್ಲದೆಯೇ ಹೊರಗೆಡಹುವ ಪುಟಗಳು ಎಂಬುದು ಪ್ರಸ್ತುತ ಲೇಖನದ ನಿಲುವು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಕಥನ ಸಂಗ್ರಹಿಸುವ ಜಾನಪದ ಅಭ್ಯಾಸಿಯ ಕಣ್ಣಿನಿಂದ ಇಲ್ಲಿ ಈ ವಿಷಯವನ್ನು ನೋಡಲಾಗಿದೆ.

ಕಡಲಿನ ಮಾತಿಗೆ ಬಂಡೀಪುರವೇಕೆ ಎಂದು ಕೇಳಬಹುದು. ಗುಂಡ್ಲುಪೇಟೆಯಿಂದ ಕಾಡಿನ ನಡುವೆ ಹಾಯ್ದು ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿ ಕೊನೆಗೆ ಮುಟ್ಟುವುದು ಕಡಲನ್ನೇ. 2009ರಿಂದ ರಾತ್ರಿ ಸಂಚಾರ ನಿಷೇಧಕ್ಕೆ ಒಳಗಾಗಿರುವ ಈ ದಾರಿಯಲ್ಲಿ ಇಲ್ಲಿಯ ತರಕಾರಿ ಕೇರಳಕ್ಕೆ ಇಳಿಯುತ್ತದೆ, ಅಲ್ಲಿಯ ಮೀನು ಮೇಲೆ ಬರುತ್ತದೆ. ದೂರದ ಲೆಕ್ಕದಲ್ಲಿ ಕಡಲು ಹತ್ತಿರವೇ ಇದೆ. ಆದರೂ ಈ ಸೀಮೆಯ ಮೌಖಿಕ ಕಥನಗಳಲ್ಲಿ ಕಡಲು ಒಂದು ಎಲ್ಲೆ ಮಾತ್ರ. ರಾಕ್ಷಸನ ಪ್ರಾಣ ಏಳು ಕಡಲಿನಾಚೆಯ ಗಿಣಿಯಲ್ಲಿರುತ್ತದೆ. ರಾಜಕುಮಾರ ಹೋಗುತ್ತಾನೆ, ತರುತ್ತಾನೆ. ಏಳು ಕಡಲನ್ನು ಕಥೆಗಾರ್ತಿ ಅರ್ಧ ವಾಕ್ಯದಲ್ಲಿ ದಾಟಿಸಿಬಿಡುತ್ತಾಳೆ. ದಾಟಲು ಹಕ್ಕಿಯ ಬೆನ್ನು ಸಾಕು. ಹಡಗು ಬಂದರೂ ಅದರ ಹೆಸರಷ್ಟೇ ಬರುತ್ತದೆ, ಅದರ ಒಳಗು ಬರುವುದಿಲ್ಲ. ನೀಲಗಾರರ ಮತ್ತು ದೇವರ ಗುಡ್ಡರ ಮಹಾಕಾವ್ಯಗಳ ಭೂಗೋಳವೂ ಮಲೆ, ಹೊಳೆ, ಹಟ್ಟಿ, ಊರುಗಳದು. ಮಾದಪ್ಪನ ವಾಹನ ಹುಲಿ.

ಶಿಷ್ಟ ಕಾವ್ಯದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವೆಂದು ಮೇಲ್ನೋಟಕ್ಕೆ ತೋರುತ್ತದೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಕಡಲಿನದೂ ಒಂದು. ಯಳಂದೂರಿನ ಷಡಕ್ಷರಿಯಂಥ ಒಳನಾಡಿನ ಕವಿಗೂ ಆ ಸಂಪ್ರದಾಯ ಅನ್ವಯಿಸುತ್ತಿತ್ತು. ಆದರೆ ಅಲ್ಲಿ ವರ್ಣಿತವಾಗುವುದು ದಡದಿಂದ ಕಂಡ, ಅಥವಾ ಕಾಣದೆಯೇ ಕಲ್ಪಿಸಿದ ಕಡಲು. ವಚನ ಮತ್ತು ಕೀರ್ತನೆಗಳ ಅಂಬಿಗ ಹೊಳೆಯ ಅಂಬಿಗ. ಅಂಬಿಗರ ಚೌಡಯ್ಯನ ಕಾಯಕದ ದೋಣಿ ಸಿಹಿನೀರಿನದು. ಭವಸಾಗರವೆಂಬ ರೂಪಕ ಎಷ್ಟು ವ್ಯಾಪಕವಾಗಿದ್ದರೂ ಅದನ್ನು ದಾಟಿಸುವ ನಾವೆ ಮಾತ್ರ ಕಾವೇರಿ, ಕೃಷ್ಣೆಯರ ದೋಣಿಯ ಅಳತೆಯದು. ತಮಿಳಿನ ಪಡಗು, ಕನ್ನಡದ ಹಡಗು ಒಂದೇ ಬೇರಿನ ಮಾತುಗಳು. ಪಕಾರ ಹಕಾರವಾಗಿ ನಮ್ಮಲ್ಲಿ ನೆಲೆಸಿದ ಆ ಶಬ್ದ ನಿಘಂಟಿನಲ್ಲಿ ಹಳೆಯದಾದರೂ ಒಳನಾಡಿನ ಅನುಭವದಲ್ಲಿ ತೀರ ಹೊಸದು. ಕಪಿಲೆಯ ದಡದ ಜನ ಬಲ್ಲದ್ದು ಹರಿಗೋಲು. ಬಿದಿರು ಹೆಣೆದು ಚರ್ಮ ಬಿಗಿದ ಆ ಬುಟ್ಟಿಯಲ್ಲಿ ಕುಳಿತವನಿಗೆ ನೀರು ಬುಡದಲ್ಲೇ ತಾಕುತ್ತದೆ, ಸುಳಿಯ ಎಳೆತ ಮೈಗೆ ತಿಳಿಯುತ್ತದೆ. ದೊಡ್ಡ ಹಡಗನ್ನು ಮೊದಲು ಏರಿದ ಒಳನಾಡಿನ ಮನುಷ್ಯನಿಗೆ ಈ ಅನುಭವ ಯಾವ ನೆರವನ್ನೂ ಕೊಡುವುದಿಲ್ಲ.

ಹಾಗೆಂದು ಒಳನಾಡಿನವರು ಹಡಗೇರಿದ್ದು ಇತ್ತೀಚಿನ ಸಂಗತಿಯಲ್ಲ. ಟಿಪ್ಪು ಸುಲ್ತಾನ 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಕಳುಹಿಸಿದ ನಿಯೋಗ ಉತ್ತರ ಕನ್ನಡದ ತದಡಿ ಬಂದರಿನಿಂದ ಹೊರಟಿತು. ನಿಯೋಗದ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ಬರೆದಿಟ್ಟ ದಿನಚರಿಯನ್ನು ಮೊಹಿಬ್ಬುಲ್ ಹಸನ್ ಅವರು 1968ರಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ. ಸುಮಾರು 900 ಜನ ಹೊರಟು ಅತ್ಯಲ್ಪ ಮಂದಿ ಹಿಂದಿರುಗಿದ ಈ ಯಾನದಲ್ಲಿ ಉಡುಗೊರೆಯ ಆನೆಗಳೂ ಹಡಗೇರಿದ್ದವು. ಒಂದೂ ಗುರಿ ಮುಟ್ಟಲಿಲ್ಲ. (ಅವು ನಮ್ಮ ಕಾಡಿನವೇ ಎಂದು ಹೇಳುವ ಸ್ಥಳಾಭಿಮಾನದ ಆತುರ ಬೇಡ.) 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಕುದುರೆಗಳೊಡನೆ ಹಡಗೇರಿ ಈಜಿಪ್ಟಿಗೆ ಹೋದರು. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದ ಕೀರ್ತಿಗೆ ದೆಹಲಿಯ ತೀನ್ ಮೂರ್ತಿ ಸ್ಮಾರಕವಿದೆ, ಆ ಸವಾರರು ಕಂಡ ಹಡಗಿಗೆ ಕನ್ನಡದಲ್ಲಿ ಒಂದು ಪುಟವಿಲ್ಲ. ಕಪಿಲೆಯ ದಡದ ಕಾರಾಪುರದ ಮಾವುತನ ಮಗ ಸಾಬು, ರಾಬರ್ಟ್ ಫ್ಲಾಹರ್ಟಿಯ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ 1936ರಲ್ಲಿ ಇಂಗ್ಲೆಂಡಿಗೆ ಹೋದಾಗ ಹನ್ನೆರಡರ ಆಸುಪಾಸಿನ ಹುಡುಗ. ಅವನನ್ನು ಕುರಿತು ಫ್ರಾನ್ಸಿಸ್ ಫ್ಲಾಹರ್ಟಿ 1937ರಲ್ಲೇ ಪುಸ್ತಕ ಬರೆದರು. ಆನೆಯ ಕೊರಳ ಮೇಲೆ ಕುಳಿತು ಕಾಡನ್ನು ಕಂಡಿದ್ದ ಹುಡುಗನಿಗೆ ಹಡಗಿನ ಅಟ್ಟದಿಂದ ಕಡಲು ಹೇಗೆ ಕಂಡಿತು ಎಂಬುದು ಅವನದೇ ಭಾಷೆಯಲ್ಲಿ ನಮಗೆ ಉಳಿದುಬಂದಿಲ್ಲ.

ಬರೆದು ಉಳಿಸಿದವರು ಓದಿದ ವರ್ಗದವರು. ಅವರಿಗೂ ಹಡಗೇರುವುದು ಸಲೀಸಾಗಿರಲಿಲ್ಲ. ಕಲಿವರ್ಜ್ಯಗಳ ಪಟ್ಟಿಯಲ್ಲಿ ಸಮುದ್ರಯಾನವೂ ಸೇರಿದ್ದರಿಂದ ಪ್ರಾಯಶ್ಚಿತ್ತದ ಭೀತಿ ಅವರ ಬೆನ್ನಿಗಿತ್ತು. ಹಳೆಯ ತಲೆಮಾರಿನ ಬರಹಗಳಲ್ಲಿ ಹಡಗಿನ ಊಟದ ಮೇಜು ಅಷ್ಟೊಂದು ಜಾಗ ಪಡೆಯುವುದಕ್ಕೆ ರುಚಿಗಿಂತ ಮಡಿಯೇ ಹೆಚ್ಚಿನ ಕಾರಣವೆಂದು ನನ್ನ ಭಾವನೆ. ಈ ಭೀತಿ ಮೇಲ್ಜಾತಿಯದು. ಅದನ್ನೇ ‘ಭಾರತೀಯರ ಕಡಲಭೀತಿ’ ಎಂದು ಸಾರ್ವತ್ರಿಕಗೊಳಿಸಿದ ಬರಹಗಳು ಮೊಗವೀರರನ್ನೂ ಖಾರ್ವಿಗಳನ್ನೂ ಬ್ಯಾರಿಗಳನ್ನೂ ಮರೆತಿವೆ.

ಇಲ್ಲಿ ಇಬ್ಬರನ್ನು ಒಟ್ಟಿಗಿಟ್ಟು ನೋಡುವುದು ಉಪಯುಕ್ತ. ಇಬ್ಬರೂ 1909ರಲ್ಲಿ ಹುಟ್ಟಿದವರು. ಒಳನಾಡಿನ ಸವಣೂರಿನಿಂದ ಬಂದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅವರ ‘ಸಮುದ್ರಗೀತೆಗಳು’ 1940ರಲ್ಲಿ ಬಂತು. ಕನ್ನಡದಲ್ಲಿ ಮುಕ್ತಛಂದದ ಆರಂಭಿಕ ಪ್ರಯೋಗಗಳಲ್ಲಿ ಒಂದಾಗಿ ಈ ಸಂಕಲನಕ್ಕೆ ಚರಿತ್ರೆಯಲ್ಲಿ ಸ್ಥಾನವಿದೆ. ಕಂಡರಿಯದ ಹರವು ಎದುರಾದಾಗ ಕವಿ ಕಟ್ಟಿನ ಛಂದಸ್ಸನ್ನು ಸಡಿಲಿಸಿಕೊಳ್ಳಬೇಕಾಯಿತು ಎಂಬುದು ಒಳನಾಡಿನವನ ಮೊದಲ ನೋಟಕ್ಕೆ ಕನ್ನಡ ಕಾವ್ಯ ಕೊಟ್ಟ ಅತ್ಯುತ್ತಮ ಪ್ರತಿಕ್ರಿಯೆ. ಆದರೆ ಅಲ್ಲಿ ನಾಯಕಸ್ಥಾನ ಕಡಲಿನದು. ಹಡಗು ಕವಿ ನಿಲ್ಲುವ ನೆಲೆ ಮಾತ್ರ. ಅದು ಹೇಗೆ ಚಲಿಸುತ್ತದೆ, ಯಾರಿಂದ ಚಲಿಸುತ್ತದೆ ಎಂಬುದು ಆ ಕಾವ್ಯದ ಮುಖ್ಯ ಕಾಳಜಿಯಲ್ಲ.

ಇನ್ನೊಬ್ಬರು ಅಂಕೋಲೆಯ ಕಡೆಯ ದಿನಕರ ದೇಸಾಯಿ. ಚುಟುಕ ಕವಿಯೆಂದೇ ಕನ್ನಡ ಓದುಗರು ಇವರನ್ನು ಬಲ್ಲರು, ‘ನಾ ಕಂಡ ಪಡುವಣ’ ಎಂಬ ಪ್ರವಾಸ ಕಥನವನ್ನೂ ಬಲ್ಲರು. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದ ಅವರು ಅದೇ 1940ರಲ್ಲಿ ‘ಮೆರಿಟೈಮ್ ಲೇಬರ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು ಎಂಬುದು ಕನ್ನಡ ವಿಮರ್ಶೆಯಲ್ಲಿ ಚರ್ಚೆಯಾದದ್ದು ಕಡಿಮೆ. ಆ ಕಾಲದ ಖಲಾಸಿಗಳಿಗೆ ಕೆಲಸ ಸಿಗುತ್ತಿದ್ದುದು ಸಾರಂಗರ ಮೂಲಕ, ಲಂಚ ತೆತ್ತು. ಅದೇ ಹಡಗಿನ ಬಿಳಿಯ ನಾವಿಕನಿಗೆ ಸಿಗುವ ಕೂಲಿಯ ಒಂದು ಪಾಲು ಮಾತ್ರ ಇವರಿಗೆ. ಮಲಗುವ ಜಾಗವೂ ಇಕ್ಕಟ್ಟಿನದು. ಗೋಕಾಕರು ಅಟ್ಟದ ಮೇಲೆ ನಿಂತು ನೋಡಿದ ಹಡಗಿನ ಜಗತ್ತನ್ನು ದೇಸಾಯಿಯವರು ಬುಡದಿಂದ ನೋಡಿದರು. ಒಂದೇ ವರ್ಷದ ಈ ಎರಡು ಪುಸ್ತಕಗಳನ್ನು ನಮ್ಮ ಪಠ್ಯಕ್ರಮಗಳು ಎರಡು ಬೇರೆ ಲೋಕಗಳಂತೆ ಇಟ್ಟಿರುವುದು ವಿಷಾದನೀಯ.

ಇತ್ತೀಚಿನ ದಶಕಗಳಲ್ಲಿ ಕನ್ನಡದಲ್ಲಿ ಹೊಸ ಬಗೆಯ ಹಡಗಿನ ಬರಹ ಬೆಳೆದಿದೆ. ಇದು ಊರು ಸೇರಲು ಹೊರಟವರದಲ್ಲ, ವಿಹಾರಕ್ಕೆಂದೇ ಕ್ರೂಸ್ ಹತ್ತಿದವರದು. ಸಿಂಗಪುರ, ಅಲಾಸ್ಕ, ಕೆರಿಬಿಯನ್‌ ಯಾನಗಳ ಲೇಖನಗಳು ವಿಶೇಷಾಂಕಗಳಲ್ಲಿ ಬರುತ್ತಿವೆ. 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದಲೇ ‘ಎಂಪ್ರೆಸ್’ ಎಂಬ, 1990ರಲ್ಲಿ ಕಟ್ಟಿದ ಹಡಗಿನ ವಿಹಾರಯಾನ ಆರಂಭವಾದ ಮೇಲೆ ಮಧ್ಯಮವರ್ಗಕ್ಕೆ ಇದು ಇನ್ನಷ್ಟು ಸುಲಭವಾಯಿತು. ಈ ಬರಹಗಳ ಮೊದಲ ಪುಟಗಳು ಒಂದನ್ನೊಂದು ಬಹಳ ಹೋಲುತ್ತವೆ. ಅಂತಸ್ತುಗಳ ಎಣಿಕೆ, ಲಿಫ್ಟು, ಈಜುಕೊಳ, ಇಡೀ ದಿನ ತೆರೆದಿರುವ ಊಟದ ಸಾಲು, ಅದರಲ್ಲಿ ಸಸ್ಯಾಹಾರ ಹುಡುಕಿದ ಪಾಡು. ಅನಂತರ ‘ಇದು ತೇಲುವ ಊರು’ ಎಂಬ ಉಪಮೆ ತಪ್ಪದೆ ಬರುತ್ತದೆ. ಕಡಲು ಬರುವುದು ಬಹಳ ತಡವಾಗಿ, ಛಾಯಾಚಿತ್ರದ ಹಿನ್ನೆಲೆಯಾಗಿ.

ಇದಕ್ಕೆ ಬರೆದವರನ್ನಷ್ಟೇ ಹೊಣೆಮಾಡುವುದು ನ್ಯಾಯವಲ್ಲ. ಹಡಗೇ ಕಡಲನ್ನು ಮರೆಸುವಂತೆ ಕಟ್ಟಲ್ಪಟ್ಟಿದೆ. ನೀರಿನ ಮಟ್ಟದ ಕೆಳಗೆ ಎರಡೂ ಪಕ್ಕಕ್ಕೆ ಚಾಚುವ ರೆಕ್ಕೆಗಳು ಅದರ ಹೊರಳಾಟವನ್ನು ಅಡಗಿಸುತ್ತವೆ. ನಡುವಿನ ಅಂಗಡಿಬೀದಿಗೂ ನಾಟಕಶಾಲೆಗೂ ಕಿಟಕಿಗಳಿಲ್ಲ. 2024ರ ಜನವರಿಯಲ್ಲಿ ಮೊದಲ ಯಾನ ಕೈಗೊಂಡ ‘ಐಕಾನ್ ಆಫ್ ದ ಸೀಸ್’ 365 ಮೀಟರ್ ಉದ್ದದ್ದು, 20 ಅಂತಸ್ತಿನದು. ತುಂಬಿದಾಗ 7,600 ಪ್ರಯಾಣಿಕರು, ಅವರಿಗೆ ಸುಮಾರು 2,350 ಕೆಲಸಗಾರರು. ತೇಲುವ ಊರೆಂಬ ಉಪಮೆ ಬರಹಗಾರನ ಸ್ವಂತದ್ದೆನಿಸಿದರೂ ಹಡಗಿನ ಕಂಪನಿ ಕರಪತ್ರದಲ್ಲೇ ಅದನ್ನು ಅಚ್ಚುಹಾಕಿ ಕೊಟ್ಟಿರುತ್ತದೆ. ನನ್ನ ಆಕ್ಷೇಪ ಇರುವುದು ಉಪಮೆ ಸವಕಲೆಂಬುದಕ್ಕಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದ್ದಕ್ಕೆ. ಊರೆಂದ ಮೇಲೆ ಕೇರಿಗಳಿರಬೇಕು. ಯಾರು ಮೇಲಿನ ಕೇರಿಯವರು, ಯಾರು ಹೊರಗಿನ ಹಟ್ಟಿಯವರು, ನೀರು ಹೊರುವವರು ಯಾರು, ಕಸ ಬಳಿಯುವವರು ಯಾರು ಎಂಬುದು ನಮ್ಮ ಯಾವ ಊರಿನಲ್ಲೂ ಹೊಸಬನ ಕಣ್ಣಿಗೆ ಬೀಳದೆ ಇರುವುದಿಲ್ಲ. ಹಡಗಿನ ಊರಿನಲ್ಲಿ ಆ ಕೇರಿ ನೀರಿನ ಮಟ್ಟದಲ್ಲಿ, ಕಿಟಕಿಯಿಲ್ಲದ ಕೋಣೆಗಳಲ್ಲಿದೆ. ಅಲ್ಲಿಗೆ ಪ್ರಯಾಣಿಕರ ಲಿಫ್ಟು ಇಳಿಯುವುದಿಲ್ಲ, ನಮ್ಮ ಪ್ರವಾಸ ಕಥನವೂ ಇಳಿದಿಲ್ಲ.

ಇದೇ ಅನುಭವದ ಮೌಖಿಕ ರೂಪ ಹೇಗಿರುತ್ತದೆ ಎಂಬುದಕ್ಕೆ ನನ್ನ ಕ್ಷೇತ್ರಕಾರ್ಯದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಹಂಗಳದ ಕಡೆಯ ಒಂದು ಹಳ್ಳಿಯ, ಎಪ್ಪತ್ತರ ಆಸುಪಾಸಿನ ಒಕ್ಕಲು ಮನೆತನದ ಹೆಂಗಸು. ಅಕ್ಷರ ಬಾರದವರು. ಸಿಂಗಪುರದಲ್ಲಿ ದುಡಿಯುವ ಮಗ ಅವರನ್ನು ಮೂರು ರಾತ್ರಿಯ ವಿಹಾರಯಾನಕ್ಕೆ ಕರೆದೊಯ್ದಿದ್ದ. ಸೋಬಾನೆ ಪದಗಳಿಗೆಂದು ಹೋದ ನನಗೆ ಅವರು ಹಡಗಿನ ಸುದ್ದಿಯನ್ನು ಹೇಳಿದರು. ಆರಂಭವೇ ವಿಶಿಷ್ಟ: “ಹಡಗ್ನೇ ನಾ ನೋಡ್ನಿಲ್ಲ ಕಣಪ್ಪ. ಒಂದ್ ಕಟ್ಟಡದೊಳಗಿಂದ ಇನ್ನೊಂದ್ ಕಟ್ಟಡಕ್ಕೆ ನಡ್ಕೊಂಡೋದೋ. ಆಮೇಲೆ ನೋಡುದ್ರೆ ಅದೇ ಹಡಗಂತೆ.” ಮುಚ್ಚಿದ ಓಣಿಯ ಮೂಲಕ ಪ್ರಯಾಣಿಕರನ್ನು ಒಳಗೆ ಬಿಡುವ ಈಗಿನ ಬಂದರಿನ ವ್ಯವಸ್ಥೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದ ಲಿಖಿತ ವಾಕ್ಯವನ್ನು ನಾನು ಓದಿಲ್ಲ. ಮುಂದಿನದು ಚಲನೆಯನ್ನು ಕುರಿತದ್ದು: “ನಿಂತದೋ ಹೋಯ್ತದೋ ಗೊತ್ತಾಗ್ನಿಲ್ಲ. ಲೋಟದ್ ನೀರ ನೋಡ್ದಿ, ಅದೂವೆ ಅಲ್ಲಾಡ್ನಿಲ್ಲ.” ಆಮೇಲೆ ಹೋಲಿಕೆ ಬಂತು. ಅದು ಊರಿನದಲ್ಲ, ಚಾಮರಾಜೇಶ್ವರನ ತೇರಿನದು. “ತೇರಾದ್ರೆ ಎಳ್ಯೋರು ಕಾಣ್ತರ. ಇದ್ನ ಎಳ್ಯೋರು ಎಲ್ಲವ್ರ ಅಂತ ಮಗನ್ನ ಕೇಳ್ದಿ. ಮಿಷನ್ನು ಕಣವ್ವ ಅಂದ. ಮಿಷನ್ನಿಗೂ ಒಬ್ಬ ಆಳು ಬೇಕಲ್ಲ ಮಗ ಅಂದಿ.”

ಆಷಾಢದ ತೇರನ್ನು ನೋಡುತ್ತ ಬೆಳೆದವರಿಗೆ ಎತ್ತರವಾದದ್ದು ಚಲಿಸಬೇಕಾದರೆ ಹಗ್ಗ ಹಿಡಿದ ಕೈಗಳಿರಬೇಕು. 2017ರಲ್ಲಿ ಆ ತೇರಿಗೆ ಬೆಂಕಿ ಬಿದ್ದು 2022ರವರೆಗೆ ರಥೋತ್ಸವ ನಿಂತಿದ್ದ ನೆನಪು ಈ ಸೀಮೆಯಲ್ಲಿ ಇನ್ನೂ ಹಸಿಯಾಗಿದೆ. ಉಪಮಾನ ಬದಲಾದೊಡನೆ ಪ್ರಶ್ನೆಯೂ ಬದಲಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಊರೆಂಬ ಉಪಮೆ ಹಡಗನ್ನು ವಾಸದ ಜಾಗವಾಗಿಸುತ್ತದೆ, ತೇರೆಂಬ ಉಪಮೆ ಅದನ್ನು ದುಡಿಮೆಯ ಫಲವಾಗಿಸುತ್ತದೆ. ದೇಸಾಯಿಯವರು 1940ರಲ್ಲಿ ಗ್ರಂಥವಾಗಿ ಬರೆದದ್ದನ್ನು ಈಕೆ ಪ್ರಶ್ನೆಯಾಗಿ ಕೇಳಿದ್ದಾರೆ. ಕೋಣೆ ಗುಡಿಸುವ ಹುಡುಗ ಟವೆಲಿನಲ್ಲಿ ಆನೆಯ ಆಕಾರ ಮಾಡಿ ಹಾಸಿಗೆಯ ಮೇಲೆ ಇಟ್ಟಿದ್ದನಂತೆ. ಆನೆಯ ಕಾಟಕ್ಕೆ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾಯುವ ಮನೆಯವರು ಇವರು. “ಅಲ್ಲಿಗೂ ಬಂದದಲ್ಲ ಅಂತ ನಕ್ಕಿ. ನಿಮ್ಮೂರು ಯಾವ್ದಪ್ಪ ಅಂದ್ರೆ ಅವನ್ ಮಾತು ನನಗ ತಿಳೀನಿಲ್ಲ, ನನ್ ಮಾತು ಅವನ್ಗ ತಿಳೀನಿಲ್ಲ.” ನಾನು ಓದಿದ ವಿಹಾರಯಾನದ ಲೇಖನಗಳಲ್ಲಿ ಈ ಟವೆಲಿನ ಪ್ರಾಣಿಗಳು ಧಾರಾಳವಾಗಿವೆ. ಮಾಡಿದವನ ಊರು ಕೇಳಿದ ವಾಕ್ಯ ಸಿಕ್ಕಿಲ್ಲ.

ಒಬ್ಬ ವಕ್ತೃವಿನ ಮಾತನ್ನು ಜನಪದ ವಿವೇಕವೆಂದು ಕೊಂಡಾಡುವ ಉದ್ದೇಶ ನನಗಿಲ್ಲ. ಅಂಥ ಕೊಂಡಾಟದಿಂದ ನಮ್ಮ ಶಿಸ್ತಿಗೆ ಆಗಿರುವ ಹಾನಿ ಸಾಕಷ್ಟಿದೆ. ಈಕೆಯೂ ಐಸ್‌ಕ್ರೀಮನ್ನು ಮೂರು ಸಲ ತಂದುಕೊಂಡದ್ದನ್ನು ಸಂತೋಷದಿಂದಲೇ ಹೇಳಿದರು, ಕಡಲನ್ನು ಹೆಚ್ಚು ಹೊತ್ತು ನೋಡಲಿಲ್ಲವೆಂದೂ ಹೇಳಿದರು. ನೋಡಲು ಅಲ್ಲಿ “ಏನೂ ಇರ್ನಿಲ್ಲ”. ಲಿಖಿತ ಬರಹಗಳ ಕುರುಡು ಅನಿವಾರ್ಯವಲ್ಲ, ಬೇರೆ ಉಪಮಾನವಿದ್ದಿದ್ದರೆ ಬೇರೆಯದು ಕಾಣುತ್ತಿತ್ತು ಎಂಬುದಕ್ಕೆ ಮಾತ್ರ ಈ ಕಥನ ಸಾಕ್ಷಿ.

ಕರಾವಳಿಯಲ್ಲಿ ಚಿತ್ರವೇ ಬೇರೆ. ಕಡಲ ವ್ಯಾಪಾರಿಯ ಮಗನಾಗಿ ಹುಟ್ಟಿ, ಕಡಲಿನಲ್ಲೇ ಮಡಿದು ದೈವವಾದ ಬೊಬ್ಬರ್ಯನನ್ನು ಮೊಗವೀರರು ಇಂದಿಗೂ ಆರಾಧಿಸುತ್ತಾರೆ. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ (1985) ಮೊದಲಾದ ಅಧ್ಯಯನಗಳಿಂದ ಪಾಡ್ದನಗಳ ಲೋಕ ನಮಗೆ ತೆರೆದಿದೆ. ಪಾತಿ, ಪಡಾವು, ಮಂಜಿ ಎಂದು ಹಡಗಿನ ಒಂದೊಂದು ಬಗೆಗೂ ಹೆಸರಿರುವ, ತಾಂಡೇಲ, ಸಾರಂಗ, ಖಲಾಸಿ ಎಂದು ಒಂದೊಂದು ದುಡಿಮೆಗೂ ಹೆಸರಿರುವ ಆ ಭಾಷೆಯನ್ನು ನಮ್ಮ ಪ್ರವಾಸ ಲೇಖಕರು ಬಳಸಿಕೊಂಡಿದ್ದರೆ ‘ಡೆಕ್’, ‘ಕ್ಯಾಬಿನ್’, ‘ಕ್ರೂ’ಗಳಲ್ಲೇ ಅವರ ಹಡಗು ನಿಲ್ಲುತ್ತಿರಲಿಲ್ಲ. ಇಂದು ಉಡುಪಿ, ಮಂಗಳೂರು, ಉತ್ತರ ಕನ್ನಡಗಳ ಯುವಕರು ಇವೇ ವಿಹಾರ ಹಡಗುಗಳ ಅಡುಗೆಮನೆಯಲ್ಲಿ, ಊಟದ ಸಾಲಿನಲ್ಲಿ, ಎಂಜಿನ್ ಕೋಣೆಯಲ್ಲಿ ತಿಂಗಳುಗಟ್ಟಲೆಯ ಕರಾರಿನ ಮೇಲೆ ದುಡಿಯುತ್ತಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರು ಹೇಳುವ ಕಥೆಗಳಿಗೆ ನಮ್ಮ ಜಾನಪದ ಸಂಗ್ರಹಗಳ ವರ್ಗೀಕರಣದಲ್ಲಿ ಒಂದು ಶೀರ್ಷಿಕೆಯನ್ನು ನಾನಿನ್ನೂ ಕಂಡಿಲ್ಲ. ಅವು ಹಳೆಯವಲ್ಲ, ಹಾಡಿನಲ್ಲಿಲ್ಲ, ದೇವರ ಹೆಸರಿನಲ್ಲಿಲ್ಲ ಎಂಬ ಕಾರಣಕ್ಕೆ ಸಂಗ್ರಾಹಕರು ಅವನ್ನು ಬಿಟ್ಟಿದ್ದಾರೆ. ಸಾಬುವಿನ ಮಾತನ್ನೂ, ಲ್ಯಾನ್ಸರ್ಸ್ ಸವಾರರ ಮಾತನ್ನೂ ಕೇಳಿ ಬರೆದಿಡದೆ ಹೋದದ್ದು ಇಂಥವೇ ಕಾರಣಗಳಿಂದ. ಈ ಹುಡುಗರು ಕರಾರು ಮುಗಿಸಿ ಮಳೆಗಾಲಕ್ಕೋ ಜಾತ್ರೆಗೋ ಮನೆಗೆ ಬರುತ್ತಾರೆ. ಧ್ವನಿಮುದ್ರಕ ಹಿಡಿದು ಹೋಗುವವರಿಗೆ ಸಿಗುತ್ತಾರೆ.