ವಿಮಾನ ಇಳಿದ ಮೇಲೆ ಉಳಿಯುವ ಪ್ರಶ್ನೆ



ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗಳಿಗೆ ವಿಜ್ಞಾನದಲ್ಲಿ ತಕ್ಕಮಟ್ಟಿಗೆ ಅಂಕ ಬಂದಿದೆ. ವೈದ್ಯಕೀಯ ಓದಿಸುವ ಶಕ್ತಿ ನಮಗಿಲ್ಲ. ನರ್ಸಿಂಗ್‌ಗೆ ಸೇರಿಸಿದರೆ ಹೇಗೆ? ಮನೆಗೆ ಬಂದ ಹಿರಿಯರೊಬ್ಬರು ಅದು ದೇವರು ಮೆಚ್ಚುವ ಸೇವೆ ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಚಿಕ್ಕಪ್ಪ, ನಾಲ್ಕು ವರ್ಷ ಕಳೆದರೆ ವಿದೇಶ ಖಚಿತ ಎನ್ನುತ್ತಾರೆ. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಆದರೆ ಓದು ಮುಗಿಸಿದ ಆ ಹುಡುಗಿಗೆ ನಮ್ಮದೇ ಊರಿನ ಆಸ್ಪತ್ರೆ ತಿಂಗಳಿಗೆ ಎಷ್ಟು ಸಂಬಳ ಕೊಡುತ್ತದೆ ಎಂಬುದನ್ನು ಮಾತ್ರ ಆ ಕೋಣೆಯಲ್ಲಿ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ತೆರೆಯ ಮೇಲೆ ಕೇಳುವ ಧೈರ್ಯ ಮಾಡಿದ, ಮತ್ತು ಕೊನೆಯಲ್ಲಿ ಅದನ್ನು ಕೈಬಿಟ್ಟ, ಚಲನಚಿತ್ರವೊಂದನ್ನು ಇಂದು ನಿಮ್ಮೊಡನೆ ವಿಮರ್ಶಿಸಬೇಕೆಂದಿದ್ದೇನೆ. ಅದು 2017ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಮಲಯಾಳಂ ಚಿತ್ರ 'ಟೇಕ್ ಆಫ್'. ಸಂಕಲನಕಾರರಾಗಿ ಹೆಸರು ಮಾಡಿದ್ದ ಮಹೇಶ್ ನಾರಾಯಣನ್ ಅವರು ನಿರ್ದೇಶಿಸಿದ ಮೊದಲ ಚಿತ್ರವಿದು. ಭಾಷೆ ಬಾರದವರೂ ಅಡಿಬರಹದ ನೆರವಿನಿಂದ ನೋಡಬಹುದು. ಕೇರಳದ ಸಾವಿರಾರು ಯುವಕ ಯುವತಿಯರು ನರ್ಸಿಂಗ್ ಕಲಿತಿರುವುದು ನಮ್ಮ ಬೆಂಗಳೂರು, ಮಂಗಳೂರುಗಳಲ್ಲಿಯೇ. ಅವರೊಂದಿಗೆ ಅದೇ ಬೆಂಚುಗಳಲ್ಲಿ ನಮ್ಮ ಮಕ್ಕಳೂ ಕುಳಿತಿದ್ದಾರೆ. ಆದ್ದರಿಂದ ಈ ಕಥೆ ನಮಗೆ ದೂರದ್ದೇನಲ್ಲ.

ಚಿತ್ರಕ್ಕೆ ಆಧಾರವಾದ ಘಟನೆ ನಿಮಗೆ ನೆನಪಿರಬಹುದು. 2014ರ ಜೂನ್‌ನಲ್ಲಿ ಇರಾಕಿನ ತಿಕ್ರಿತ್ ನಗರ ಐಸಿಸ್ ಉಗ್ರರ ವಶವಾದಾಗ, ಅಲ್ಲಿನ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ನರ್ಸ್‌ಗಳು ಸಿಕ್ಕಿಹಾಕಿಕೊಂಡರು. ಅವರಲ್ಲಿ ಹೆಚ್ಚಿನವರು ಕೇರಳದವರು. ಜುಲೈ ಮೊದಲ ವಾರದಲ್ಲಿ ಉಗ್ರರು ಅವರನ್ನು ಮೋಸುಲ್‌ಗೆ ಕರೆದೊಯ್ದು, ಅನಂತರ ಬಿಟ್ಟುಕೊಟ್ಟರು. ಜುಲೈ 5ರಂದು ಎರ್ಬಿಲ್‌ನಿಂದ ಬಂದ ವಿಶೇಷ ವಿಮಾನ ಅವರನ್ನು ಕೊಚ್ಚಿಯಲ್ಲಿ ಇಳಿಸಿತು. ಅಂದು ದೇಶವೇ ನಿಟ್ಟುಸಿರು ಬಿಟ್ಟಿತು.

ಇದೇ ಘಟನೆಯ ಎಳೆ ಹಿಡಿದು 2017ರ ಡಿಸೆಂಬರ್‌ನಲ್ಲಿ 'ಟೈಗರ್ ಝಿಂದಾ ಹೈ' ಎಂಬ ಹಿಂದಿ ಚಿತ್ರವೂ ಬಂದಿತು. ಅದರಲ್ಲಿ 25 ಮಂದಿ ಭಾರತದ, 15 ಮಂದಿ ಪಾಕಿಸ್ತಾನದ ನರ್ಸ್‌ಗಳಿದ್ದಾರೆ. ಅವರನ್ನು ಬಿಡಿಸಲು ಎರಡು ದೇಶಗಳ ಗೂಢಚಾರರು ಕೈಜೋಡಿಸುತ್ತಾರೆ. ಅದು ಸಾಹಸಚಿತ್ರ, ಅದರ ಲೆಕ್ಕ ಬೇರೆ. ಆದರೂ ಒಂದು ಮಾತು ಹೇಳಲೇಬೇಕು: ಅಲ್ಲಿ ನರ್ಸ್ ಎಂದರೆ ರಕ್ಷಣೆಗಾಗಿ ಕಾದು ಕುಳಿತ ಮುಖ. ಯುದ್ಧ ಮುಗಿಯದ ನಾಡಿಗೆ ಅವಳು ಯಾಕೆ ಹೋದಳು ಎಂದು ಆ ಚಿತ್ರ ಕೇಳುವುದಿಲ್ಲ.

'ಟೇಕ್ ಆಫ್' ಕೇಳುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ. ಇರಾಕಿಗೆ ಕಾಲಿಡುವ ಮುನ್ನ ಚಿತ್ರ ನಮ್ಮನ್ನು ಕೇರಳದ ಆಸ್ಪತ್ರೆಯೊಂದರಲ್ಲಿ ಬಹಳ ಹೊತ್ತು ನಿಲ್ಲಿಸುತ್ತದೆ. ಪಾರ್ವತಿ ಅಭಿನಯಿಸಿರುವ ಸಮೀರಾ ವಿಚ್ಛೇದಿತೆ, ಒಬ್ಬ ಮಗನ ತಾಯಿ. ಸೊಸೆ ಕೆಲಸಕ್ಕೆ ಹೋಗುವುದು ಗಂಡನ ಮನೆಯವರಿಗೆ ಹಿಡಿಸಿರಲಿಲ್ಲ. ತವರಿನ ಸಾಲವೂ ಅವಳ ತಲೆಯ ಮೇಲಿದೆ. ಇಲ್ಲಿ ದುಡಿದರೆ ಆ ಸಾಲ ತೀರುವುದಿಲ್ಲ, ಇರಾಕಿಗೆ ಹೋದರೆ ತೀರುತ್ತದೆ. ಜೊತೆಗೆ ಕೆಲಸ ಮಾಡುವ ಶಹೀದ್ ಅವಳನ್ನು ಮದುವೆಯಾಗಿ ಅವಳೊಂದಿಗೆ ಹೊರಡುತ್ತಾನೆ. ಅವನೂ ನರ್ಸ್, ಗಂಡಸರೂ ಈ ವೃತ್ತಿಯಲ್ಲಿದ್ದಾರೆ ಎಂಬುದನ್ನು ಚಿತ್ರ ಸಹಜವಾಗಿ ತೋರಿಸುತ್ತದೆ. ಪಾರ್ವತಿಯವರ ನಟನೆಗೆ 2017ರ ಗೋವಾ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ದೊರೆಯಿತು. ಅವರ ಸಮೀರಾ ಸದಾ ಮುಗುಳ್ನಗುವ ಬಿಳಿ ಉಡುಪಿನ ದೇವತೆಯಲ್ಲ. ಅವಳಿಗೆ ಸಿಟ್ಟು ಬರುತ್ತದೆ, ದಣಿವಾಗುತ್ತದೆ, ಅವಳು ಲೆಕ್ಕ ಹಾಕುತ್ತಾಳೆ. ತನ್ನ ಕೆಲಸದಲ್ಲಿ ನಿಪುಣೆಯಾದ ಹೆಣ್ಣುಮಗಳೊಬ್ಬಳು ಹಣದ ಬಗ್ಗೆ ಯೋಚಿಸುವುದು ಪಾಪವಲ್ಲ ಎಂದು ಈ ಪಾತ್ರ ತೋರಿಸಿಕೊಟ್ಟಿದೆ.

ಆದರೆ ಉತ್ತರಾರ್ಧದಲ್ಲಿ ಚಿತ್ರ ತನ್ನದೇ ಪ್ರಶ್ನೆಯನ್ನು ಮರೆಯುತ್ತದೆ. ಗುಂಡಿನ ಸದ್ದು, ರಾಯಭಾರಿಯ ದೂರವಾಣಿ ಕರೆಗಳು, ಒತ್ತೆಯಾಳಾದ ಗಂಡನ ಚಿಂತೆ ಇವೆಲ್ಲ ಸೇರಿ ಸಂಬಳದ ಮಾತನ್ನು ಹಿಂದಕ್ಕೆ ತಳ್ಳುತ್ತವೆ. ಬಿಡುಗಡೆಯೇ ಕಥೆಯ ಮುಕ್ತಾಯವಾಗುತ್ತದೆ. ವಾಸ್ತವದಲ್ಲಿ ನಡೆದದ್ದನ್ನು ನೆನೆಯಿರಿ. ಆ 46 ಮಂದಿಯಲ್ಲಿ ಅನೇಕರಿಗೆ ತಿಂಗಳುಗಳಿಂದ ಸಂಬಳ ಬಂದಿರಲಿಲ್ಲ. ಹೊರಡಲು ಮಾಡಿದ ಸಾಲ ಊರಿನಲ್ಲಿ ಹಾಗೆಯೇ ಇತ್ತು. ನಗರ ಉರಿಯುತ್ತಿದ್ದಾಗಲೂ ಕೆಲವರು ಬರಿಗೈಯಲ್ಲಿ ಮರಳಲು ಹಿಂಜರಿದರು. ವಿಮಾನ ಅವರನ್ನು ಇಳಿಸಿದ್ದು ಅದೇ ಸಾಲದ ಬಾಗಿಲಿಗೆ. ಸಮೀರಾ ಮರುದಿನ ಬೆಳಿಗ್ಗೆ ಯಾವ ಆಸ್ಪತ್ರೆಗೆ, ಎಷ್ಟು ಸಂಬಳಕ್ಕೆ ಹೋದಳು ಎಂದು ಚಿತ್ರ ತೋರಿಸಿದ್ದರೆ ಅದು ಇನ್ನೂ ದೊಡ್ಡ ಕೃತಿಯಾಗುತ್ತಿತ್ತು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಚಿತ್ರ ಬಿಟ್ಟ ಲೆಕ್ಕವನ್ನು ನಾವಾದರೂ ಮಾಡೋಣ. 2011–12ರಲ್ಲಿ ಕೇರಳ, ಮುಂಬಯಿ, ದೆಹಲಿಗಳ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದರು. ಅಲ್ಪ ಸಂಬಳ, ದೀರ್ಘ ಪಾಳಿ, ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಬಾಂಡ್ ಪದ್ಧತಿ ಇವು ಅವರ ದೂರುಗಳು. ಭಾರತೀಯ ತರಬೇತಿ ಹೊಂದಿದ ನರ್ಸ್‌ಗಳ ಸಂಘ ಹೂಡಿದ ದಾವೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು. 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಶೇ. 10ರಷ್ಟು, 50ರಿಂದ 100 ಇದ್ದರೆ ಶೇ. 25ರಷ್ಟು ಮಾತ್ರ ಕಡಿಮೆಯಿರಬಹುದು. ಇನ್ನೂ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದು. ಇದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಕೇರಳದ ನರ್ಸ್‌ಗಳು 2017ರಲ್ಲಿ ಮತ್ತೆ ಹೋರಾಡಿದ ಬಳಿಕವೇ, 2018ರ ಏಪ್ರಿಲ್‌ನಲ್ಲಿ ಆ ರಾಜ್ಯ 20,000 ರೂಪಾಯಿಯ ಕನಿಷ್ಠ ವೇತನಕ್ಕೆ ಅಧಿಸೂಚನೆ ಹೊರಡಿಸಿತು.

ಈ 20,000 ರೂಪಾಯಿಯನ್ನು ಒಂದು ಮನೆಯ ಲೆಕ್ಕದಲ್ಲಿಟ್ಟು ನೋಡಿ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆಂದು ಐದು ಲಕ್ಷ ರೂಪಾಯಿ ಸಾಲ ಮಾಡಿದ್ದೀರಿ ಎನ್ನೋಣ. ಶೇ. 10ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 8,300 ರೂಪಾಯಿ. ಉಳಿಯುವುದು 11,700. ಅದರಲ್ಲಿ ನಗರದ ಬಾಡಿಗೆ, ಊಟ, ಬಸ್ ಖರ್ಚು ಕಳೆದು ಮನೆಗೆ ಏನು ಕಳುಹಿಸಲಾದೀತು? ಅಷ್ಟೂ ಸಿಗದ ಕಡೆ ದುಡಿಯುವವಳ ಪಾಡೇನು?

ಇನ್ನೊಂದು ಬದಿಯ ಅಂಕಿಗಳನ್ನೂ ನೋಡಿ. ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸ್‌ಗಳಿದ್ದಾರೆ, ಆದರೂ 58 ಲಕ್ಷ ಮಂದಿಯ ಕೊರತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟದ ನಾಡಿನಲ್ಲಿ ದುಡಿಯುತ್ತಿದ್ದಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ನರ್ಸ್‌ನ ಆರಂಭದ ವಾರ್ಷಿಕ ಸಂಬಳ 2025–26ರಲ್ಲಿ 31,049 ಪೌಂಡ್. ಹೋಗುವವರನ್ನು ದೂಷಿಸುವುದು ಹೇಗೆ? ಆದರೆ ದಾರಿ ಸುಲಭವೆಂದು ನಂಬಿಸುವುದು ತಪ್ಪು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ ಇವೆ. ಜರ್ಮನಿಗೆ ಜರ್ಮನ್ ಭಾಷೆ ಕಲಿಯಬೇಕು. ನರ್ಸ್ ನೋಂದಣಿ ದೊರೆಯದೆ ಆರೈಕೆ ಕಾರ್ಯಕರ್ತರಾಗಿ ಬ್ರಿಟನ್ನಿಗೆ ಹೋದವರೂ ಇದ್ದಾರೆ; ಆ ಕೆಲಸಕ್ಕೆ ಹೊರದೇಶದಿಂದ ನೇಮಿಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈನಲ್ಲಿ ನಿಲ್ಲಿಸಿತು. ಬಾಗಿಲು ತೆರೆಯುವುದೂ ಮುಚ್ಚುವುದೂ ಅವರ ಅಗತ್ಯಕ್ಕೆ ತಕ್ಕಂತೆ. ನಾಲ್ಕು ವರ್ಷದ ಓದಿಗೆ ಅದೊಂದನ್ನೇ ಆಧಾರವಾಗಿ ಹಿಡಿಯುವುದು ಜಾಣತನವಲ್ಲ.

ಏಜೆಂಟರ ವಿಷಯದಲ್ಲಿ ಎಚ್ಚರ ಬೇಕು. ನೋಂದಾಯಿತ ನೇಮಕಾತಿ ಸಂಸ್ಥೆ ಅಭ್ಯರ್ಥಿಯಿಂದ ಪಡೆಯಬಹುದಾದ ಶುಲ್ಕಕ್ಕೆ 2017ರ ನಿಯಮ 30,000 ರೂಪಾಯಿ ಮತ್ತು ತೆರಿಗೆಯ ಮಿತಿ ಹಾಕಿತು. ಕುವೈತಿನ ನೇಮಕಾತಿಯಲ್ಲಿ ನರ್ಸ್‌ಗಳಿಂದ ಲಕ್ಷಗಟ್ಟಲೆ ಕಿತ್ತ ಪ್ರಕರಣ 2015ರಲ್ಲಿ ಬಯಲಾಯಿತು. ಕೊಲ್ಲಿ ರಾಷ್ಟ್ರಗಳೂ ಇರಾಕೂ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಕೇಂದ್ರ ಸರ್ಕಾರ ಅದೇ ವರ್ಷ ಆದೇಶಿಸಿತು.

ಓದುಗರೇ, ಇಷ್ಟು ಹೇಳಿದ ಮೇಲೆ ವಿಮರ್ಶೆಯ ಬೆರಳನ್ನು ನಮ್ಮತ್ತಲೂ ತಿರುಗಿಸಬೇಕಾಗಿದೆ. ಚಿತ್ರದ ದೋಷವೇ ನಮ್ಮ ದೋಷವೂ ಹೌದು. 2020ರ ಮಾರ್ಚ್ 22ರ ಸಂಜೆ ನಾವು ಬಾಗಿಲಲ್ಲಿ ನಿಂತು ತಟ್ಟೆ ಬಡಿದೆವು. ಮೇ 3ರಂದು ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಪ್ರತಿ ವರ್ಷ ಮೇ 12ರಂದು ಫ್ಲಾರೆನ್ಸ್ ನೈಟಿಂಗೇಲ್ ಜನ್ಮದಿನದಲ್ಲಿ ದೀಪ ಹಚ್ಚಿ ಭಾಷಣ ಮಾಡುತ್ತೇವೆ. ಸೇವೆ ಎಂಬ ಶಬ್ದ ಪವಿತ್ರವಾದುದು. ಸೇವೆ ಮಾಡುವವಳು ತನ್ನ ಬಗ್ಗೆ ತಾನೇ ಆ ಮಾತನ್ನು ಹೇಳಿಕೊಂಡರೆ ಅದಕ್ಕೆ ಬೆಲೆಯಿದೆ. ಸಂಬಳ ಕೊಡಬೇಕಾದವನು ಅದನ್ನೇ ಹೇಳಿ ಸಂಬಳ ಕಡಿತಗೊಳಿಸಿದರೆ, ಆ ಶಬ್ದವನ್ನು ಕದ್ದಂತಾಗುತ್ತದೆ. ಧರ್ಮಭಗಿನಿಯರು ತಮ್ಮ ವ್ರತದ ಬಲದಿಂದ ಏನನ್ನೂ ಬಯಸದೆ ದುಡಿದ ಆಸ್ಪತ್ರೆಗಳು ನಮ್ಮಲ್ಲಿ ಹಲವು ಇವೆ. ಆ ತ್ಯಾಗಕ್ಕೆ ತಲೆಬಾಗೋಣ. ಆದರೆ ಬಡತನದ ವ್ರತ ತೊಡದ, ಮನೆ ನಡೆಸಬೇಕಾದ ಯುವತಿಯ ಮೇಲೆ ಅದೇ ಅಳತೆಯನ್ನು ಹೇರಲಾಗದು. ದುಡಿಯುವವರಿಗೆ ಸಂಸಾರ ಸಾಗಿಸಲು ಸಾಲುವಷ್ಟು ಕೂಲಿ ನ್ಯಾಯದ ವಿಷಯ, ದಯೆಯದಲ್ಲ ಎಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಆ ಬೋಧನೆ ಇತರರ ಕಾರ್ಖಾನೆಗಳಿಗೆ ಅನ್ವಯಿಸುವಂತೆಯೇ ನಮ್ಮ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ.

ಹಾಗಾದರೆ ಮಗಳನ್ನು ನರ್ಸಿಂಗ್‌ಗೆ ಸೇರಿಸಬಾರದೇ? ಖಂಡಿತ ಸೇರಿಸಿ, ಅವಳಿಗೆ ಮನಸ್ಸಿದ್ದರೆ. ಆದರೆ ಕೆಲವು ಪ್ರಶ್ನೆಗಳನ್ನು ಕೇಳಿ ಸೇರಿಸಿ. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ? ಕಲಿಯಲು ಬೇಕಾದಷ್ಟು ರೋಗಿಗಳಿರುವ ಆಸ್ಪತ್ರೆ ಅದಕ್ಕಿದೆಯೇ? ಅದೇ ಕಾಲೇಜಿನಲ್ಲಿ ಎರಡು ವರ್ಷ ಹಿಂದೆ ಓದು ಮುಗಿಸಿದವರು ಈಗ ಎಲ್ಲಿ, ಎಷ್ಟು ಸಂಬಳಕ್ಕೆ ದುಡಿಯುತ್ತಿದ್ದಾರೆ? ಸಾಲದ ಕಂತನ್ನು ಇಲ್ಲಿನ ಸಂಬಳದಲ್ಲಿ ತೀರಿಸಲಾದೀತೇ? ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರ ಒಪ್ಪಿಸಬೇಕೆಂದರೆ, ಒಪ್ಪಿಸುವ ಮುನ್ನ ಬಲ್ಲವರನ್ನು ವಿಚಾರಿಸಿ.

ಧರ್ಮಕೇಂದ್ರಗಳಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ನಡೆಸುವವರಲ್ಲಿಯೂ ಒಂದು ಬಿನ್ನಹ. ವೇದಿಕೆಗೆ ಕಾಲೇಜಿನ ಪ್ರತಿನಿಧಿಯೊಬ್ಬರನ್ನೇ ಕರೆಯಬೇಡಿ. ರಾತ್ರಿ ಪಾಳಿ ಮುಗಿಸಿ ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ನಮ್ಮದೇ ನರ್ಸ್ ಒಬ್ಬರನ್ನು ಕರೆದು, ಅವರ ಸಂಬಳದ ಚೀಟಿಯಲ್ಲಿ ಏನಿದೆ ಎಂದು ಕೇಳಿ. ಅವರು ಮಾತನಾಡಲಿ, ನಮ್ಮ ಮಕ್ಕಳು ಕೇಳಲಿ. ಸಾಧ್ಯವಾದರೆ ಅದೇ ಸಂಜೆ 'ಟೇಕ್ ಆಫ್' ಚಿತ್ರವನ್ನು ಒಟ್ಟಿಗೆ ನೋಡಿ. ವಿಮಾನ ಇಳಿದ ಮೇಲೆ ದೀಪ ಹಾಕಿ, ಮರುದಿನ ಸಮೀರಾಳಿಗೆ ಈ ಊರಿನಲ್ಲಿ ಯಾರು ಎಷ್ಟು ಸಂಬಳಕ್ಕೆ ಕೆಲಸ ಕೊಡುತ್ತಿದ್ದರು ಎಂದು ಚರ್ಚಿಸಿ.